ಎರಡನೇ ಮಾತ್ರೆಗೊಂದು ಗಡುವಿರಲಿ

ಹೃದಯ ವೈಫಲ್ಯದ ರೋಗಿಗಳ ಮನೆಯವರು ಈ ಅಂಕಣಕ್ಕೆ ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ಅಪ್ಪಂಗೆ ನೀರು ಹೋಗೋ ಮಾತ್ರೆ ಮೊದಲಿಂದಲೂ ಇತ್ತು ಡಾಕ್ಟ್ರೇ. ಈ ಸಲ ಆಸ್ಪತ್ರೆಯಿಂದ ಕಳಿಸುವಾಗ ಅದರ ಜೊತೆ ಇನ್ನೊಂದು ಬರೆದಿದ್ದಾರೆ. ಅದೂ ಮೂತ್ರಕ್ಕೇ ಅಂತೆ. ಎರಡೆರಡು ಕೊಟ್ಟರೆ ಕಿಡ್ನಿ ಹಾಳಾಗಲ್ವಾ?’ ಕೆಲವರು ಹೆದರಿ ಎರಡನೆಯದನ್ನು ತಾವಾಗಿಯೇ ನಿಲ್ಲಿಸಿಬಿಟ್ಟಿರುತ್ತಾರೆ. ಇನ್ನು ಕೆಲವರು ಕಾಲಿನ ಊತ ಪೂರ್ತಿ ಇಳಿದ ಮೇಲೂ ತಿಂಗಳುಗಟ್ಟಲೆ ನುಂಗಿಸುತ್ತಲೇ ಇರುತ್ತಾರೆ. ಎರಡೂ ಅಪಾಯವೇ. ಆದ್ದರಿಂದ ಈ ವಾರ ಆ ಎರಡನೇ ಮಾತ್ರೆ ಯಾಕೆ ಬರುತ್ತದೆ, ಏನು ಮಾಡುತ್ತದೆ, ಯಾವಾಗ ಹೋಗಬೇಕು ಎಂಬುದನ್ನಷ್ಟೇ ಹೇಳುತ್ತೇನೆ.

ಹೃದಯದ ಬಲ ಕುಂದಿದಾಗ ಅದು ಮುಂದಕ್ಕೆ ಕಳಿಸುವ ರಕ್ತ ಕಡಿಮೆಯಾಗುತ್ತದೆ. ಕಿಡ್ನಿಗೆ ಬರುವ ರಕ್ತವೂ ಕಡಿಮೆಯಾಗುತ್ತದೆ. ವಾಂತಿಭೇದಿಯಾದಾಗ ಅಥವಾ ಗಾಯದಿಂದ ರಕ್ತ ಸೋರಿದಾಗ ಆಗುವುದೂ ಇದೇ. ಹಾಗಾಗಿ ಕಿಡ್ನಿ ಅಂಥ ಹೊತ್ತಿನಲ್ಲಿ ಮಾಡುವ ಕೆಲಸವನ್ನೇ ಇಲ್ಲಿಯೂ ಮಾಡುತ್ತದೆ: ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಇಲ್ಲಿ ದೇಹದಲ್ಲಿ ನೀರಿನ ಕೊರತೆ ಇರುವುದಿಲ್ಲ. ಹೆಚ್ಚಾದ ನೀರು ಕಾಲಿಗೆ ಇಳಿಯುತ್ತದೆ, ಹೊಟ್ಟೆಯಲ್ಲಿ ಸೇರುತ್ತದೆ, ಕೊನೆಗೆ ಶ್ವಾಸಕೋಶಕ್ಕೂ ತುಂಬುತ್ತದೆ. ಸಂಜೆಯ ಹೊತ್ತಿಗೆ ಚಪ್ಪಲಿ ಬಿಗಿಯಾಗುತ್ತದೆ, ನಾಲ್ಕು ತುತ್ತು ಉಂಡರೆ ಹೊಟ್ಟೆ ಬಿಗಿದಂತಾಗುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಒಂದು ದಿಂಬಿದ್ದದ್ದು ಎರಡಾಗುತ್ತದೆ, ಆಮೇಲೆ ಕುರ್ಚಿಯಲ್ಲೇ ಕೂತು ರಾತ್ರಿ ಕಳೆಯುವ ಸ್ಥಿತಿ ಬರುತ್ತದೆ. ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳನ್ನು ಒತ್ತಿ, ಹತ್ತು ಎಣಿಸಿ ತೆಗೆದರೆ ಬೆರಳಿನಷ್ಟೇ ಗುಳಿ ಹಾಗೇ ಉಳಿದಿರುತ್ತದೆ.

ಈ ನೀರನ್ನು ಇಳಿಸಲು ಮೊದಲು ಕೊಡುವ ಮಾತ್ರೆ ಫ್ಯೂರೋಸೆಮೈಡ್ ಅಥವಾ ಟಾರ್ಸೆಮೈಡ್. ನಮ್ಮ ಜನ ಲ್ಯಾಸಿಕ್ಸ್, ಡೈಟಾರ್ ಎಂಬ ಹೆಸರುಗಳಲ್ಲಿ ಇವನ್ನು ಬಲ್ಲರು. ಇವುಗಳಲ್ಲಿ ಯಾವುದು ಮೇಲು ಎಂದು ಕೇಳುವವರಿಗೆ ಉತ್ತರ 2023ರಲ್ಲಿ ಸಿಕ್ಕಿದೆ. ಟ್ರಾನ್ಸ್‌ಫಾರ್ಮ್ ಎಚ್‌ಎಫ್ ಎಂಬ ಅಧ್ಯಯನದಲ್ಲಿ 2,859 ರೋಗಿಗಳಿಗೆ ಇವೆರಡರಲ್ಲಿ ಒಂದನ್ನು ಕೊಟ್ಟು ನೋಡಿದಾಗ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಹಳ ಜನರಿಗೆ ಇದೊಂದೇ ಮಾತ್ರೆ ಸಾಕು. ಕೆಲವರಿಗೆ ಮಾತ್ರ ಸಾಲುವುದಿಲ್ಲ. ಯಾಕೆ ಸಾಲುವುದಿಲ್ಲ ಎಂದು ತಿಳಿಯಲು ಕಿಡ್ನಿಯೊಳಗೆ ಸ್ವಲ್ಪ ಇಣುಕಬೇಕು.

ಆರೋಗ್ಯವಂತರ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಕರಗಿರುವ ಉಪ್ಪಿನ ತೂಕ ಸುಮಾರು ಒಂದೂವರೆ ಕಿಲೋ. ಇದರಲ್ಲಿ ಶೇ 99ರಷ್ಟನ್ನು ಕಿಡ್ನಿಯ ಸೂಕ್ಷ್ಮ ನಾಳಗಳು ವಾಪಸ್ ಹೀರಿಕೊಳ್ಳುತ್ತವೆ. ಈ ನಾಳವನ್ನು ತುಂಗಭದ್ರಾ ಎಡದಂಡೆ ಕಾಲುವೆಯಂತೆ ಊಹಿಸಿಕೊಳ್ಳಿ. ತಲೆಭಾಗದವರು ಮೂರರಲ್ಲಿ ಎರಡು ಪಾಲು ಎತ್ತಿಕೊಳ್ಳುತ್ತಾರೆ. ನಡುಭಾಗದವರು ಕಾಲು ಪಾಲು ಎತ್ತುತ್ತಾರೆ. ಕೊನೆಭಾಗದವರಿಗೆ ದಕ್ಕುವುದು ನೂರರಲ್ಲಿ ಏಳೆಂಟು ಪಾಲು. ಲ್ಯಾಸಿಕ್ಸ್ ಬಂದು ನಡುಭಾಗದ ತೂಬುಗಳನ್ನು ಮುಚ್ಚುತ್ತದೆ. ಅಲ್ಲಿ ಎತ್ತಬೇಕಿದ್ದ ಉಪ್ಪು ಕೆಳಕ್ಕೆ ಹರಿದು, ನೀರನ್ನೂ ಜೊತೆಗೆ ಎಳೆದುಕೊಂಡು ಮೂತ್ರವಾಗಿ ಹೋಗುತ್ತದೆ. ಆದರೆ ವಾರಗಟ್ಟಲೆ ಹೀಗೇ ಹರಿದರೆ ಕೊನೆಭಾಗದವರು ಸುಮ್ಮನಿರುತ್ತಾರೆಯೇ? ಎಂದೂ ಕಾಣದಷ್ಟು ಹರಿವು ತಮ್ಮಲ್ಲಿಗೆ ಬಂದದ್ದನ್ನು ಕಂಡು ಅವರೂ ತೂಬು ಅಗಲ ಮಾಡಿಕೊಳ್ಳುತ್ತಾರೆ. ಕಿಡ್ನಿಯಲ್ಲಿ ನಿಜಕ್ಕೂ ಇದೇ ಆಗುತ್ತದೆ. ನಾಳದ ಕೊನೆಭಾಗದ ಜೀವಕೋಶಗಳು ದಪ್ಪವಾಗಿ, ಮೊದಲಿಗಿಂತ ಹೆಚ್ಚು ಉಪ್ಪನ್ನು ಹೀರತೊಡಗುತ್ತವೆ. ಆಗ ಲ್ಯಾಸಿಕ್ಸ್ ತನ್ನ ಕೆಲಸ ಮಾಡುತ್ತಲೇ ಇದ್ದರೂ ಮೂತ್ರದಲ್ಲಿ ಸಾಕಷ್ಟು ಉಪ್ಪು ಹೋಗುವುದಿಲ್ಲ.

ಇಂಥ ಹೊತ್ತಿನಲ್ಲಿ ಬರುವುದೇ ಎರಡನೇ ಮಾತ್ರೆ. ಅದು ಲ್ಯಾಸಿಕ್ಸ್ ಮುಟ್ಟದ ಜಾಗದಲ್ಲಿ, ಕೊನೆಭಾಗದಲ್ಲೋ ತಲೆಭಾಗದಲ್ಲೋ ಹೀರುವಿಕೆಯನ್ನು ತಡೆಯುತ್ತದೆ. ಒಂದೇ ಔಷಧವನ್ನು ಎರಡು ಪಟ್ಟು ಕೊಟ್ಟಂತಲ್ಲ ಇದು. ಎರಡು ಬೇರೆ ಜಾಗಗಳಲ್ಲಿ ಎರಡು ಬೇರೆ ಕೆಲಸ ನಡೆಯುತ್ತದೆ. ಅದಕ್ಕೇ ಪರಿಣಾಮ ಜೋರು, ಅದಕ್ಕೇ ಜಾಗ್ರತೆಯೂ ಹೆಚ್ಚು ಬೇಕು.

ಆದರೆ ಎರಡನೆಯದನ್ನು ಬರೆಯುವ ಮುನ್ನ ಮೊದಲನೆಯದು ನಿಜವಾಗಿ ಹೊಟ್ಟೆ ಸೇರುತ್ತಿದೆಯೇ ಎಂದು ನೋಡಬೇಕು. ನನ್ನ ಮುಂದೆ ಕೂರುವ ರೋಗಿಗಳಲ್ಲಿ ಎಷ್ಟೋ ಜನ ಊರಿಂದ ಬಸ್ಸಿನಲ್ಲಿ ಬರುವ ದಿನ ಮಾತ್ರೆ ಬಿಟ್ಟಿರುತ್ತಾರೆ. ‘ದಾರೀಲಿ ಎಲ್ಲಿ ಇಳಿಯೋಣ ಸಾರ್, ಕಂಡಕ್ಟರ್ ನಿಲ್ಸಲ್ಲ’ ಎನ್ನುತ್ತಾರೆ. ಹೆಂಗಸರು ಮದುವೆ, ಜಾತ್ರೆ, ನಾಮಕರಣ ಎಂದು ಬಿಡುತ್ತಾರೆ. ಸಾರ್ವಜನಿಕ ಶೌಚಾಲಯಗಳ ಸ್ಥಿತಿ ಗೊತ್ತಿರುವ ಯಾರೂ ಅವರನ್ನು ಬೈಯಲಾರರು. ಅವರಿಗೆ ನಾನು ಹೇಳುವುದು ಇಷ್ಟೇ: ಬಿಡಬೇಡಿ, ಹೊತ್ತು ಬದಲಿಸಿ. ಲ್ಯಾಸಿಕ್ಸ್‌ನ ಕೆಲಸ ಸುಮಾರು ಆರು ಗಂಟೆಯೊಳಗೆ ಮುಗಿಯುತ್ತದೆ. ಬೆಳಗಿನ ಪ್ರಯಾಣವಿದ್ದರೆ ಊರು ತಲುಪಿದ ಮೇಲೆ ಮಧ್ಯಾಹ್ನ ತೆಗೆದುಕೊಂಡರಾಯಿತು.

ಲ್ಯಾಸಿಕ್ಸ್ ಸೋಲುವುದಕ್ಕೆ ಎರಡನೆಯ ಕಾರಣ ನೋವಿನ ಮಾತ್ರೆ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸಿಕ್ಲೊಫೆನಾಕ್‌ಗಳು ಕಿಡ್ನಿಯಲ್ಲಿ ಉಪ್ಪು ನಿಲ್ಲುವಂತೆ ಮಾಡುತ್ತವೆ, ಲ್ಯಾಸಿಕ್ಸ್‌ನ ಬಲವನ್ನೂ ಮುರಿಯುತ್ತವೆ. ಸಕ್ಕರೆ ಕಾಯಿಲೆಗೆ ಕೊಡುವ ಪಯೋಗ್ಲಿಟಜೋನ್ ಕೂಡ ನೀರು ನಿಲ್ಲಿಸುವಂಥದ್ದೇ. ಮೂರನೆಯದು ಉಪ್ಪು. ‘ಅಡುಗೆಗೆ ಉಪ್ಪೇ ಹಾಕಲ್ಲ ಡಾಕ್ಟ್ರೇ’ ಎನ್ನುವ ಮನೆಯಲ್ಲಿ ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಇರುತ್ತವೆ. ಕರಾವಳಿಯಲ್ಲಾದರೆ ಒಣಮೀನು ಇರುತ್ತದೆ. ಗ್ಯಾಸ್ ಎಂದು ದಿನಾ ಕುಡಿಯುವ ಇನೋದಲ್ಲಿಯೂ ಸೋಡಿಯಂ ತುಂಬಿದೆ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಹಾಗೆಂದು ಪೂರ್ತಿ ಸಪ್ಪೆ ಮಾಡಿ ರೋಗಿ ಊಟವನ್ನೇ ಬಿಡುವಂತೆ ಮಾಡಬೇಕಿಲ್ಲ. 2022ರಲ್ಲಿ ಪ್ರಕಟವಾದ ಸೋಡಿಯಂ ಎಚ್‌ಎಫ್ ಅಧ್ಯಯನದಲ್ಲಿ 806 ರೋಗಿಗಳನ್ನು ನೋಡಿದಾಗ, ಉಪ್ಪನ್ನು ಅತಿ ಕಟ್ಟುನಿಟ್ಟಾಗಿ ಇಳಿಸಿದವರಲ್ಲಿ ಸಾವು ಅಥವಾ ಆಸ್ಪತ್ರೆ ಸೇರುವುದು ಕಡಿಮೆಯಾಗಲಿಲ್ಲ. ಉಪ್ಪು ಹಿತಮಿತವಾಗಿರಲಿ, ದಿನವೂ ಒಂದೇ ಸಮನಾಗಿರಲಿ.

ನಾಲ್ಕನೆಯ ಕಾರಣ ಕರುಳಿನದು. ದೇಹಕ್ಕೆ ನೀರು ತುಂಬಿದಾಗ ಕರುಳಿನ ಗೋಡೆಯೂ ಬಾತುಕೊಳ್ಳುತ್ತದೆ. ನುಂಗಿದ ಲ್ಯಾಸಿಕ್ಸ್ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಈ ಔಷಧದ ಸ್ವಭಾವವೆಂದರೆ ಒಂದು ಮಟ್ಟ ಮುಟ್ಟುವ ತನಕ ಏನೂ ಕೆಲಸ ಮಾಡುವುದಿಲ್ಲ, ಮುಟ್ಟಿದ ಮೇಲೆ ಪೂರ್ತಿ ಕೆಲಸ ಮಾಡುತ್ತದೆ. ಆದ್ದರಿಂದ ಮಾತ್ರೆ ಸೋತ ಕಡೆ ಅದೇ ಔಷಧದ ಇಂಜೆಕ್ಷನ್ ಗೆಲ್ಲುವುದುಂಟು. 2011ರ ಡೋಸ್ ಅಧ್ಯಯನದಲ್ಲಿ 308 ಒಳರೋಗಿಗಳಿಗೆ ಕಡಿಮೆ ಪ್ರಮಾಣ ಮತ್ತು ಹೆಚ್ಚು ಪ್ರಮಾಣದ ಫ್ಯೂರೋಸೆಮೈಡ್ ಇಂಜೆಕ್ಷನ್ ಕೊಟ್ಟು ಹೋಲಿಸಿದರು. ಮುಖ್ಯ ಅಳತೆಗಳಲ್ಲಿ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಆದರೂ ಹೆಚ್ಚು ಪ್ರಮಾಣ ಪಡೆದವರಲ್ಲಿ ನೀರು ಹೆಚ್ಚು ಇಳಿಯಿತು, ಕಿಡ್ನಿಯ ಅಂಕಿಅಂಶಗಳಲ್ಲಿ ಕಂಡ ಏರುಪೇರು ತಾತ್ಕಾಲಿಕವಾಗಿತ್ತು. ಹಾಗಾಗಿ ಇಂದು ಒಳ್ಳೆಯ ವಾರ್ಡುಗಳಲ್ಲಿ ಇಂಜೆಕ್ಷನ್ ಕೊಟ್ಟು ಎರಡು ಗಂಟೆಗೆ ಮೂತ್ರದ ಸೋಡಿಯಂ ನೋಡುತ್ತಾರೆ. ಅದು ಲೀಟರಿಗೆ 50ರಿಂದ 70 ಮಿಲಿಮೋಲ್‌ಗಿಂತ ಕಡಿಮೆಯಿದ್ದರೆ, ಅಥವಾ ಮೊದಲ ಆರು ಗಂಟೆಗಳಲ್ಲಿ ಗಂಟೆಗೆ 100ರಿಂದ 150 ಮಿಲಿಲೀಟರ್ ಮೂತ್ರವೂ ಆಗದಿದ್ದರೆ, ಮೊದಲು ಡೋಸ್ ಎರಡು ಪಟ್ಟು ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಎರಡನೇ ಔಷಧ. ಯುರೋಪಿನ ಹೃದ್ರೋಗ ತಜ್ಞರ ಸಂಘದ 2021ರ ಮಾರ್ಗಸೂಚಿ ಹೇಳುವ ಕ್ರಮವೂ ಇದೇ.

ಈಗ ಆ ಎರಡನೇ ಔಷಧಗಳ ಮಾತಿಗೆ ಬರೋಣ. ಇವುಗಳ ಹಿಂದೆ ನೂರು ವರ್ಷಗಳ ಕುತೂಹಲಕರ ಚರಿತ್ರೆ ಇದೆ. 1919ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಆಲ್ಫ್ರೆಡ್ ಫೋಗ್ಲ್ ಎಂಬ ವೈದ್ಯ ವಿದ್ಯಾರ್ಥಿ ಸಿಫಿಲಿಸ್ ಕಾಯಿಲೆಯ ಹುಡುಗಿಗೆ ಪಾದರಸದ ಇಂಜೆಕ್ಷನ್ ಕೊಟ್ಟರು. ಆಕೆಯ ಮೂತ್ರದ ಪ್ರಮಾಣ ಒಮ್ಮೆಲೇ ಏರಿದ್ದು ದಾಖಲೆಯಲ್ಲಿ ಕಣ್ಣಿಗೆ ಬಿತ್ತು. ಆಮೇಲೆ ಮೂರು ದಶಕಗಳ ಕಾಲ ಹೃದಯ ವೈಫಲ್ಯದ ನೀರಿಳಿಸಲು ಪಾದರಸವನ್ನೇ ಚುಚ್ಚುತ್ತಿದ್ದರು, ಅದರ ವಿಷದ ಅಪಾಯ ಗೊತ್ತಿದ್ದೂ. 1949ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ವಿಲಿಯಂ ಶ್ವಾರ್ಟ್ಜ್ ಸಲ್ಫಾನಿಲಮೈಡ್ ಎಂಬ ಸೋಂಕಿನ ಔಷಧವನ್ನು ಮೂವರು ಹೃದಯ ವೈಫಲ್ಯದ ರೋಗಿಗಳಿಗೆ ಕೊಟ್ಟಾಗ ಮೂತ್ರದಲ್ಲಿ ಉಪ್ಪು ಹೋಗುವುದನ್ನು ಕಂಡರು. ಆ ಎಳೆ ಹಿಡಿದು ಹೊರಟವರಿಗೆ 1950ರ ದಶಕದಲ್ಲಿ ಅಸಿಟಜೋಲಮೈಡ್ ಸಿಕ್ಕಿತು, ಆಮೇಲೆ ಥಯಜೈಡ್‌ಗಳು, 1960ರ ದಶಕದಲ್ಲಿ ಫ್ಯೂರೋಸೆಮೈಡ್. ಇಷ್ಟು ಬಲವಾದ ಫ್ಯೂರೋಸೆಮೈಡ್ ಬಂದ ಮೇಲೆ ಅಸಿಟಜೋಲಮೈಡ್ ಅನ್ನು ಹೃದಯದ ವೈದ್ಯರು ಹೆಚ್ಚುಕಡಿಮೆ ಮರೆತೇಬಿಟ್ಟರು. ಅದು ಕಣ್ಣಿನ ಒತ್ತಡಕ್ಕೆ, ಹಿಮಾಲಯ ಹತ್ತುವವರ ತಲೆಸುತ್ತಿಗೆ ಕೊಡುವ ಮಾತ್ರೆಯಾಗಿ ಉಳಿಯಿತು.

ಈ ಮರೆತ ಔಷಧವನ್ನು 2022ರಲ್ಲಿ ಬೆಲ್ಜಿಯಂನ ವಿಲ್ಫ್ರೀಡ್ ಮುಲ್ಲೆನ್ಸ್ ಮತ್ತು ಸಂಗಡಿಗರು ಮತ್ತೆ ಮುನ್ನೆಲೆಗೆ ತಂದರು. ಅಡ್ವೋರ್ ಎಂಬ ಅವರ ಅಧ್ಯಯನದಲ್ಲಿ 519 ಒಳರೋಗಿಗಳಿದ್ದರು. ಎಲ್ಲರಿಗೂ ಲ್ಯಾಸಿಕ್ಸ್ ಗುಂಪಿನ ಇಂಜೆಕ್ಷನ್ ಇತ್ತು. ಅರ್ಧದಷ್ಟು ಜನರಿಗೆ ಜೊತೆಗೆ ದಿನಕ್ಕೊಮ್ಮೆ 500 ಮಿಲಿಗ್ರಾಂ ಅಸಿಟಜೋಲಮೈಡ್ ಇಂಜೆಕ್ಷನ್ ಕೊಟ್ಟರು. ಮೂರು ದಿನಗಳೊಳಗೆ ನೀರು ಚೆನ್ನಾಗಿ ಇಳಿದವರು ಅಸಿಟಜೋಲಮೈಡ್ ಪಡೆದವರಲ್ಲಿ ಶೇ 42.2, ಪಡೆಯದವರಲ್ಲಿ ಶೇ 30.5. ಆಸ್ಪತ್ರೆಯಲ್ಲಿ ಇರಬೇಕಾದ ದಿನಗಳೂ ಸುಮಾರು ಒಂದು ದಿನ ಕಡಿಮೆಯಾದವು. ಆದರೆ ಮುಂದಿನ ಮೂರು ತಿಂಗಳಲ್ಲಿ ಸಾವು ಮತ್ತು ಮತ್ತೆ ಆಸ್ಪತ್ರೆ ಸೇರುವುದು ಎರಡೂ ಗುಂಪಿನಲ್ಲಿ ಒಂದೇ ತೆರನಾಗಿತ್ತು. ಈ ಕೊನೆಯ ಮಾತನ್ನು ನೆನಪಿಡಿ, ಇದು ಇನ್ನುಳಿದ ಔಷಧಗಳ ವಿಷಯದಲ್ಲಿಯೂ ಬರುತ್ತದೆ.

ನಮ್ಮಲ್ಲಿ ಹೆಚ್ಚಾಗಿ ಬರೆಯುವ ಎರಡನೇ ಮಾತ್ರೆ ಮೆಟೊಲಜೋನ್. ಥಯಜೈಡ್ ಗುಂಪಿನ ಹತ್ತಿರದ ಬಂಧು, ನಾಳದ ಕೊನೆಭಾಗದಲ್ಲಿ ಕೆಲಸ ಮಾಡುವಂಥದ್ದು. ಕಿಡ್ನಿಯ ಬಲ ಕುಗ್ಗಿದವರಲ್ಲಿಯೂ ಕೆಲಸ ಮಾಡುತ್ತದೆ, ಬೆಲೆಯೂ ಕಡಿಮೆ, ನುಂಗಿದರೆ ಸಾಕು. ಬಹಳ ದಿನ ಬಗ್ಗದ ಊತ ಇದರಿಂದ ಎರಡು ದಿನಕ್ಕೆ ಇಳಿದದ್ದನ್ನು ನಾನು ಕಂಡಿದ್ದೇನೆ. ಅದೇ ಗುಂಪಿನ ಹೈಡ್ರೊಕ್ಲೊರೊಥಯಜೈಡ್ ಅನ್ನು ಸ್ಪೇನ್‌ನ ಕ್ಲೊರೋಟಿಕ್ ಅಧ್ಯಯನದಲ್ಲಿ 230 ರೋಗಿಗಳಲ್ಲಿ ಪರೀಕ್ಷಿಸಿದರು. 72 ಗಂಟೆಗಳಲ್ಲಿ ತೂಕ ಇಳಿದದ್ದು ಸರಾಸರಿ 2.3 ಕಿಲೋ, ಹೆಚ್ಚುವರಿ ಮಾತ್ರೆ ಇಲ್ಲದವರಲ್ಲಿ 1.5 ಕಿಲೋ. ಏದುಸಿರು ಕಡಿಮೆಯಾಗುವುದರಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಕಿಡ್ನಿಯ ಅಳತೆಗಳು ಕೆಟ್ಟದ್ದು ಮಾತ್ರೆ ಸೇರಿಸಿದವರಲ್ಲಿ ಶೇ 46.5, ಸೇರಿಸದವರಲ್ಲಿ ಶೇ 17.2. ಲಾಭವೂ ನಿಜ, ಬೆಲೆಯೂ ನಿಜ.

ಟೋಲ್ವಾಪ್ಟಾನ್ ಎಂಬ ಇನ್ನೊಂದು ಔಷಧ ಉಪ್ಪನ್ನು ಬಿಟ್ಟು ನೀರನ್ನಷ್ಟೇ ಹೊರಹಾಕುತ್ತದೆ. 2007ರಲ್ಲಿ ಪ್ರಕಟವಾದ ಎವರೆಸ್ಟ್ ಅಧ್ಯಯನದಲ್ಲಿ 4,133 ರೋಗಿಗಳಿದ್ದರು. ಮೊದಲ ದಿನಗಳಲ್ಲಿ ಉಸಿರಾಟ ಸುಧಾರಿಸಿತು, ತೂಕ ಇಳಿಯಿತು, ಆದರೆ ಆಯುಸ್ಸು ಹೆಚ್ಚಲಿಲ್ಲ. ರಕ್ತದ ಸೋಡಿಯಂ ತೀರ ಇಳಿದವರಿಗೆ ಇದರ ಉಪಯೋಗವಿದೆ. ಸೋಡಿಯಂ ದಿಢೀರನೆ ಏರಿದರೆ ಮೆದುಳಿಗೆ ಅಪಾಯವಾದ್ದರಿಂದ ಇದನ್ನು ಆಸ್ಪತ್ರೆಯಲ್ಲೇ ಶುರುಮಾಡಬೇಕು. ಮೆಟೊಲಜೋನ್, ಥಯಜೈಡ್ ಇಂಜೆಕ್ಷನ್, ಟೋಲ್ವಾಪ್ಟಾನ್ ಮೂರನ್ನೂ 60 ರೋಗಿಗಳಲ್ಲಿ ಹೋಲಿಸಿದ ಸಣ್ಣ ಅಧ್ಯಯನವೊಂದು 2020ರಲ್ಲಿ ಬಂತು. ಮೂರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತೂಕ ಇಳಿಸಿದವು. ಕೈಗೆಟಕುವ ಬೆಲೆಯ ಮಾತ್ರೆಯಿಂದ ಆಗುವ ಕೆಲಸಕ್ಕೆ ದುಬಾರಿಯದನ್ನೇ ಹುಡುಕಿಕೊಂಡು ಹೋಗಬೇಕಿಲ್ಲ ಎಂದು ನಾನು ಇದರಿಂದ ಅರ್ಥ ಮಾಡಿಕೊಂಡಿದ್ದೇನೆ.

ಇಲ್ಲಿ ಒಂದು ಗೆರೆ ಎಳೆಯಬೇಕು. ಇದುವರೆಗೆ ಹೇಳಿದ ಔಷಧಗಳೆಲ್ಲ ನೀರಿಳಿಸಿ ರೋಗಿಗೆ ನೆಮ್ಮದಿ ಕೊಡುತ್ತವೆ, ಆಯುಸ್ಸು ಹೆಚ್ಚಿಸುವುದಿಲ್ಲ. ಮೂತ್ರದ ಮಾತ್ರೆಗಳ ಸಾಲಿನಲ್ಲೇ ಬರುವ ಇನ್ನೆರಡು ಬಗೆಯ ಔಷಧಗಳ ಕಥೆ ಬೇರೆ. ಒಂದು ಸ್ಪೈರನೊಲ್ಯಾಕ್ಟೋನ್. 1999ರ ರೇಲ್ಸ್ ಅಧ್ಯಯನದಲ್ಲಿ ತೀವ್ರ ಹೃದಯ ವೈಫಲ್ಯದ 1,663 ರೋಗಿಗಳಲ್ಲಿ, ಸುಮಾರು 25 ಮಿಲಿಗ್ರಾಂನ ಸಣ್ಣ ಡೋಸ್‌ನಿಂದಲೇ ಸಾವಿನ ಪ್ರಮಾಣ ಶೇ 30ರಷ್ಟು ಇಳಿಯಿತು. ಸ್ವಲ್ಪದಿಂದ ಇಷ್ಟು ಒಳ್ಳೆಯದಾದರೆ ಹೆಚ್ಚು ಕೊಟ್ಟರೆ ನೀರೂ ಬೇಗ ಇಳಿದೀತು ಎಂದು 2017ರಲ್ಲಿ 360 ಒಳರೋಗಿಗಳಿಗೆ 100 ಮಿಲಿಗ್ರಾಂ ಕೊಟ್ಟು ನೋಡಿದರು. ಹೆಚ್ಚಿನ ಲಾಭ ಸಿಗಲಿಲ್ಲ. ಇನ್ನೊಂದು, ಸಕ್ಕರೆ ಕಾಯಿಲೆಗೆಂದು ಹುಟ್ಟಿದ ಡಾಪಾಗ್ಲಿಫ್ಲೊಜಿನ್ ಮತ್ತು ಎಂಪಾಗ್ಲಿಫ್ಲೊಜಿನ್. ‘ನಮ್ಮತ್ತೆಗೆ ಶುಗರ್ ಇಲ್ಲ, ಶುಗರ್ ಮಾತ್ರೆ ಯಾಕೆ ಕೊಟ್ಟಿದ್ದಾರೆ?’ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. 2019ರ ಡಾಪಾ ಎಚ್‌ಎಫ್ ಅಧ್ಯಯನದ 4,744 ರೋಗಿಗಳಲ್ಲಿ, ಹೃದಯ ಸಂಬಂಧಿ ಸಾವು ಅಥವಾ ವೈಫಲ್ಯ ಉಲ್ಬಣಿಸುವ ಸಾಧ್ಯತೆ ಶೇ 26ರಷ್ಟು ಕಡಿಮೆಯಾಯಿತು, ಸಕ್ಕರೆ ಕಾಯಿಲೆ ಇರಲಿ ಬಿಡಲಿ. 2022ರ ಎಂಪಲ್ಸ್ ಅಧ್ಯಯನ 530 ಒಳರೋಗಿಗಳಲ್ಲಿ ಎಂಪಾಗ್ಲಿಫ್ಲೊಜಿನ್ ಅನ್ನು ಆಸ್ಪತ್ರೆಯಲ್ಲೇ ಶುರುಮಾಡುವುದರಿಂದ ಒಳಿತಿದೆ ಎಂದು ತೋರಿಸಿತು. ಆದರೆ ಬಗ್ಗದ ಊತಕ್ಕೆ ಮೆಟೊಲಜೋನ್ ಬದಲು ಡಾಪಾಗ್ಲಿಫ್ಲೊಜಿನ್ ಕೊಟ್ಟು ನೋಡಿದ 2023ರ ಅಧ್ಯಯನದಲ್ಲಿ, ನೀರಿಳಿಸುವುದರಲ್ಲಿ ಅದು ಮೇಲುಗೈ ಸಾಧಿಸಲಿಲ್ಲ. ಭಾರತದಲ್ಲಿ ಡಾಪಾಗ್ಲಿಫ್ಲೊಜಿನ್‌ನ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೊಜಿನ್‌ನದು 2025ರ ಮಾರ್ಚ್‌ನಲ್ಲಿ ಮುಗಿದು ಬೆಲೆ ಬಹಳ ಇಳಿದಿದೆ. ಹಿಂದೆ ಬೆಲೆ ಕೇಳಿ ಬೇಡವೆಂದವರು ಈಗ ವೈದ್ಯರನ್ನು ಮತ್ತೊಮ್ಮೆ ಕೇಳಬಹುದು.

ಹೀಗಾಗಿ ಮನೆಯವರು ಚೀಟಿಯಲ್ಲಿರುವ ಔಷಧಗಳನ್ನು ಎರಡು ಗುಂಪು ಮಾಡಿಕೊಂಡರೆ ಅರ್ಧ ಗೊಂದಲ ತೀರುತ್ತದೆ. ಸ್ಪೈರನೊಲ್ಯಾಕ್ಟೋನ್, ಡಾಪಾಗ್ಲಿಫ್ಲೊಜಿನ್ ಥರದವು ದೀರ್ಘಕಾಲ ಇರಬೇಕಾದವು. ಊತ ಇಳಿಯಿತೆಂದು ತಾವಾಗಿ ನಿಲ್ಲಿಸಬಾರದು. ಮೆಟೊಲಜೋನ್, ಅಸಿಟಜೋಲಮೈಡ್ ಥರದವು ಸಾಮಾನ್ಯವಾಗಿ ಕೆಲವೇ ದಿನಕ್ಕೆಂದು ಬಂದವು. ಕೆಲಸ ಮುಗಿದ ಮೇಲೆ ಹೋಗಬೇಕು.

ಹೋಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನು ನೋಡಿದ ಒಬ್ಬ ಅಜ್ಜಿಯ ಪ್ರಸಂಗ ಹೇಳುತ್ತೇನೆ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಕಾಲಿನ ನೀರಿಳಿಸಿಕೊಂಡು ಹಳ್ಳಿಗೆ ಮರಳಿದ್ದವರು. ‘ಅಮ್ಮ ಎರಡು ದಿನದಿಂದ ಮಂಕಾಗಿ ಕೂತಿರ್ತಾಳೆ ಸಾರ್, ಸೊಸೆಯನ್ನ ತನ್ನ ತಂಗಿ ಹೆಸರಿಂದ ಕರೀತಾಳೆ’ ಎಂದು ಮಗ ಕರೆತಂದ. ನಾಲಿಗೆ ಒಣಗಿ ಬಿರಿದಿತ್ತು, ಕಾಲಲ್ಲಿ ಊತದ ಗುರುತೇ ಇರಲಿಲ್ಲ, ಪಾದದ ಚರ್ಮ ಸುಕ್ಕುಗಟ್ಟಿ ಜೋತುಬಿದ್ದಿತ್ತು, ರಾತ್ರಿಯೆಲ್ಲ ಮೀನಖಂಡ ಸೆಳೆಯುತ್ತದೆ ಎನ್ನುತ್ತಿದ್ದರು. ರಕ್ತದ ಸೋಡಿಯಂ 116ಕ್ಕೆ ಇಳಿದಿತ್ತು. ಅದು 135ರ ಮೇಲಿರಬೇಕು. ಪೊಟ್ಯಾಸಿಯಂ 2.6, ಅದು 3.5ರ ಮೇಲಿರಬೇಕು. ಮಗ ತಂದಿದ್ದ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿಸಿಕೊಂಡು ನೋಡಿದೆ. ಒಂದು ಟಾರ್ಸೆಮೈಡ್ ಪಟ್ಟಿ. ಟಾರ್ಸೆಮೈಡ್ ಮತ್ತು ಸ್ಪೈರನೊಲ್ಯಾಕ್ಟೋನ್ ಸೇರಿದ ಬೇರೆ ಕಂಪನಿಯ ಇನ್ನೊಂದು ಪಟ್ಟಿ. ಜೊತೆಗೆ ಮೆಟೊಲಜೋನ್ 5. ಬಿಡುಗಡೆ ಚೀಟಿಯಲ್ಲಿ ಮೆಟೊಲಜೋನ್ ಮುಂದೆ 1–0–0 ಎಂದಿತ್ತು, ಎಷ್ಟು ದಿನ ಎಂದಿರಲಿಲ್ಲ. ಪಟ್ಟಿ ಮುಗಿದಾಗಲೆಲ್ಲ ಖಾಲಿ ಪಟ್ಟಿ ತೋರಿಸಿ ಹೊಸದು ತಂದಿದ್ದರು. ಆಕೆಯನ್ನು ಸೇರಿಸಿಕೊಂಡು, ಮೆಟೊಲಜೋನ್ ನಿಲ್ಲಿಸಿ, ಸೋಡಿಯಂ ಅನ್ನು ನಿಧಾನವಾಗಿ ಏರಿಸಿದ ಮೇಲೆ ಅಜ್ಜಿಗೆ ಸೊಸೆಯ ಹೆಸರು ಮರಳಿ ನೆನಪಾಯಿತು. ಆ ಮನೆಯವರದ್ದು ಅಸಡ್ಡೆಯಲ್ಲ. ಹೇಳಿದ್ದನ್ನು ಒಂದು ದಿನವೂ ತಪ್ಪಿಸದೆ ಕೊಟ್ಟಿದ್ದರು. ಚೀಟಿಯಲ್ಲಿ ಇರಬೇಕಿದ್ದ ಒಂದು ಸಾಲು ಇರಲಿಲ್ಲ, ಅಷ್ಟೇ.

ಇನ್ನು ಕಿಡ್ನಿಯ ಭಯ. ನೀರು ಇಳಿಯುವಾಗ, ಕಿಡ್ನಿಯ ಕೆಲಸವನ್ನು ಅಳೆಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಸ್ವಲ್ಪ ಏರುವುದು ಸಾಮಾನ್ಯ. ರೋಗಿಯ ಉಸಿರಾಟ ಹಗುರಾಗುತ್ತಿದ್ದರೆ, ಊತ ಇಳಿಯುತ್ತಿದ್ದರೆ, ಆ ಸಣ್ಣ ಏರಿಕೆಗೆ ಹೆದರಿ ಔಷಧ ನಿಲ್ಲಿಸುವುದು ತಪ್ಪು. ದೇಹದಲ್ಲಿ ತುಂಬಿಕೊಂಡ ನೀರೂ ಕಿಡ್ನಿಗೆ ಶತ್ರುವೇ. ಅಡ್ವೋರ್ ನಡೆಸಿದ ಮುಲ್ಲೆನ್ಸ್ ಅವರೇ 2009ರಲ್ಲಿ 145 ರೋಗಿಗಳನ್ನು ನೋಡಿ, ರಕ್ತನಾಳಗಳಲ್ಲಿ ಹಿಂದಕ್ಕೆ ಒತ್ತುವ ಒತ್ತಡ ಹೆಚ್ಚಿದ್ದವರಲ್ಲಿಯೇ ಕಿಡ್ನಿ ಹೆಚ್ಚಾಗಿ ಕೆಡುತ್ತದೆ ಎಂದು ತೋರಿಸಿದ್ದರು. ಹಾಗಾಗಿ ಬಹಳ ಜನರಲ್ಲಿ ನೀರಿಳಿಸುವುದೇ ಕಿಡ್ನಿಯನ್ನು ಉಳಿಸುವ ದಾರಿ. ಆದರೆ ಊತ ಪೂರ್ತಿ ಇಳಿದ ಮೇಲೂ ಔಷಧ ಮುಂದುವರಿದು ಕ್ರಿಯಾಟಿನಿನ್ ಏರುತ್ತಲೇ ಹೋದರೆ ಅದು ಎಚ್ಚರಿಕೆ. ಎರಡರ ನಡುವಿನ ವ್ಯತ್ಯಾಸ ಗೊತ್ತಾಗುವುದು ರಕ್ತಪರೀಕ್ಷೆಯಿಂದ ಮತ್ತು ರೋಗಿಯ ಕಾಲನ್ನು ಮುಟ್ಟಿ ನೋಡುವುದರಿಂದ.

ಪೊಟ್ಯಾಸಿಯಂ ವಿಷಯದಲ್ಲಿ ಮನೆಯವರು ಒಂದು ವ್ಯತ್ಯಾಸ ತಿಳಿದಿರಬೇಕು. ಲ್ಯಾಸಿಕ್ಸ್, ಮೆಟೊಲಜೋನ್‌ಗಳಿಂದ ಅದು ಇಳಿಯುತ್ತದೆ, ಸ್ಪೈರನೊಲ್ಯಾಕ್ಟೋನ್‌ನಿಂದ ಏರುತ್ತದೆ. ಎರಡೂ ಹೃದಯದ ಬಡಿತವನ್ನು ಕೆಡಿಸಬಲ್ಲವು. ರೇಲ್ಸ್ ಫಲಿತಾಂಶ ಬಂದ ಮೇಲೆ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಸ್ಪೈರನೊಲ್ಯಾಕ್ಟೋನ್ ಬರೆಯುವುದು ಒಮ್ಮೆಲೇ ಹೆಚ್ಚಿತು. ಜೊತೆಗೇ ಪೊಟ್ಯಾಸಿಯಂ ಏರಿ ಆಸ್ಪತ್ರೆ ಸೇರುವವರು ಸಾವಿರಕ್ಕೆ 2.4ರಿಂದ 2001ರ ಹೊತ್ತಿಗೆ 11ಕ್ಕೆ ಏರಿದರು. ಔಷಧ ಒಳ್ಳೆಯದೇ ಆಗಿತ್ತು, ರಕ್ತಪರೀಕ್ಷೆಯ ನಿಗಾ ಅದರ ಜೊತೆಗೆ ಹೋಗಲಿಲ್ಲ. ಸ್ಪೈರನೊಲ್ಯಾಕ್ಟೋನ್ ತೆಗೆದುಕೊಳ್ಳುವವರಿಗೆ ‘ಸುಸ್ತು’ ಎಂದು ದಿನಕ್ಕೆರಡು ಎಳನೀರು ಕುಡಿಸುವುದು, ‘ಬಿಪಿಗೆ ಒಳ್ಳೆಯದು’ ಎಂದು ಸೋಡಿಯಂ ಕಡಿಮೆಯಿರುವ ಉಪ್ಪು ಬಳಸುವುದು ಸುರಕ್ಷಿತವಲ್ಲ. ಅಂಥ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಸೇರಿಸಿರುವುದು ಪೊಟ್ಯಾಸಿಯಂ. ವೈದ್ಯರನ್ನು ಕೇಳದೆ ಅದನ್ನು ಮನೆಗೆ ತರಬೇಡಿ.

ಇಷ್ಟೆಲ್ಲ ಹೇಳಿ ನಾನು ಮುಟ್ಟುವ ತೀರ್ಮಾನ ಸರಳ. ಎರಡನೇ ಮಾತ್ರೆ ಬಂದರೆ ಭಯ ಬೇಡ, ಆದರೆ ಗಡುವಿಲ್ಲದ ಎರಡನೇ ಮಾತ್ರೆಯನ್ನು ಮನೆಗೆ ತರಬೇಡಿ. ಚೀಟಿ ಕೈಗೆ ಬಂದಾಗ ವೈದ್ಯರನ್ನೋ ನರ್ಸ್ ಅವರನ್ನೋ ಮೂರು ಪ್ರಶ್ನೆ ಕೇಳಿ: ಇದು ಎಷ್ಟು ದಿನಕ್ಕೆ? ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಯಾವತ್ತು ಮಾಡಿಸಬೇಕು? ತೂಕ ಎಷ್ಟಕ್ಕೆ ಇಳಿದರೆ ಇದನ್ನು ನಿಲ್ಲಿಸಬೇಕು? ಮೆಟೊಲಜೋನ್ ಶುರುಮಾಡಿದರೆ ಮೊದಲ ವಾರದೊಳಗೆ, ಕೆಲವರಿಗೆ ಎರಡು ಮೂರು ದಿನಕ್ಕೇ ರಕ್ತಪರೀಕ್ಷೆ ಬೇಕಾಗುತ್ತದೆ. ಸ್ಪೈರನೊಲ್ಯಾಕ್ಟೋನ್‌ಗೆ ಶುರುಮಾಡಿ ಒಂದು ವಾರವಾದಾಗ ಒಮ್ಮೆ, ಮತ್ತೆ ನಾಲ್ಕನೇ ವಾರದಲ್ಲಿ ಒಮ್ಮೆ. ಉತ್ತರಗಳನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ.

ಮನೆಯಲ್ಲಿ ತೂಕದ ಯಂತ್ರವೊಂದು ಇರಲಿ. ಬೆಳಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು, ಅದೇ ತೆಳು ಬಟ್ಟೆಯಲ್ಲಿ ತೂಕ ನೋಡಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಊತ ಕಣ್ಣಿಗೆ ಕಾಣುವ ಮುಂಚೆಯೇ ತೂಕ ಹೇಳಿಬಿಡುತ್ತದೆ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ವೈದ್ಯರಿಗೆ ಫೋನ್ ಮಾಡಿ. ಹೇಳಿದ್ದಕ್ಕಿಂತ ಕೆಳಗಿಳಿದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ಮೀನಖಂಡ ಸೆಳೆದರೆ, ಮಾತು ತೊದಲಿದರೆ ಅಥವಾ ಗೊಂದಲವಾದರೆ ಆಗಲೂ ತಡಮಾಡಬೇಡಿ. ವಾಂತಿಭೇದಿಯಾದ ದಿನ ಈ ಮಾತ್ರೆಗಳನ್ನು ಎಂದಿನಂತೆ ಕೊಡುವ ಮೊದಲು ಕೇಳಿ. ಉಪವಾಸವಿರುವಾಗ ಅಥವಾ ಶಸ್ತ್ರಚಿಕಿತ್ಸೆಗೆ ಮುನ್ನ ಡಾಪಾಗ್ಲಿಫ್ಲೊಜಿನ್ ಗುಂಪಿನ ಮಾತ್ರೆಯ ಬಗ್ಗೆ ಕೇಳುವುದು ಕಡ್ಡಾಯ.

ನನ್ನ ವೃತ್ತಿಯ ಬಂಧುಗಳಲ್ಲಿಯೂ ಒಂದು ಮಾತು ಬೇಡಿಕೊಳ್ಳುತ್ತೇನೆ. ಬಿಡುಗಡೆ ಚೀಟಿಯಲ್ಲಿ ಮೆಟೊಲಜೋನ್ ಬರೆದ ಕೈ ಅದರ ಪಕ್ಕದಲ್ಲೇ ನಿಲ್ಲಿಸಬೇಕಾದ ದಿನಾಂಕವನ್ನೂ ಕನ್ನಡದಲ್ಲಿ ಬರೆಯಲಿ. ಅದಕ್ಕೆ ಅರ್ಧ ನಿಮಿಷ ಸಾಕು.